ಬಾವಿಯ ಮೋಟಾರು ನೀರು ಎತ್ತುತ್ತಿಲ್ಲವೇ? ಹೊಸದು ತರುವ ಮೊದಲು ನೋಡಬೇಕಾದ್ದು

ಯುಗಾದಿ ಕಳೆದ ಮೇಲೆ ಬೆಳಗಾವಿಯ ಮೋಟಾರು ಅಂಗಡಿಗಳಲ್ಲಿ ಒಂದೇ ಥರದ ಮಾತು ಕೇಳಿಸುತ್ತದೆ. "ಅರ್ಧ ಎಚ್‌ಪಿ ಐತ್ರಿ, ನೀರು ಎತ್ತವಲ್ದು." "ಹಂಗಾದ್ರ ಒಂದು ಎಚ್‌ಪಿ ಒಯ್ಯಿರಿ." ಹೊಸ ಮೋಟಾರು ಬಂದು ಕೂರುತ್ತದೆ. ಕೆಲವು ದಿನ ನೀರು ಬರುತ್ತದೆ, ಆಮೇಲೆ ಮತ್ತೆ ಅದೇ ಕತೆ.

ಇದಕ್ಕೆ ಕಾರಣ ಸರಳ. ಮೋಟಾರಿನಿಂದ ಮೇಲಿನ ಟ್ಯಾಂಕಿಗೆ ನೀರು ತಳ್ಳುವುದು ಎಚ್‌ಪಿಯ ಕೆಲಸ. ಆದರೆ ಬಾವಿಯಿಂದ ಮೋಟಾರಿನವರೆಗೆ ನೀರು ತರುವುದು ಗಾಳಿಯ ಒತ್ತಡದ ಕೆಲಸ. ಪಂಪು ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ, ಹೊರಗಿನ ಗಾಳಿ ಬಾವಿಯ ನೀರನ್ನು ಪೈಪಿಗೆ ಒತ್ತುತ್ತದೆ, ಅಷ್ಟೇ. ಆ ಗಾಳಿಗೆ ಒಂದು ಮಿತಿ ಇದೆ. ಅರ್ಧ ಎಚ್‌ಪಿಗೂ ಅದೇ ಮಿತಿ, ಐದು ಎಚ್‌ಪಿಗೂ ಅದೇ ಮಿತಿ.

ಸಮುದ್ರ ಮಟ್ಟದಲ್ಲಿ ಲೆಕ್ಕದ ಪ್ರಕಾರ 10.3 ಮೀಟರ್ ನೀರು ಏರಬಹುದು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಹಾಗಾಗಿ ಆ ಲೆಕ್ಕ 9.4 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಪೈಪಿನ ಘರ್ಷಣೆ, ಫುಟ್ ವಾಲ್ವ್‌ನ (ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ಹಿಡಿಯುವ ವಾಲ್ವ್) ತಡೆ, ಪಂಪಿಗೆ ಬೇಕಾದ ಒಂದಿಷ್ಟು ಉಳಿಕೆ ಒತ್ತಡ ಎಲ್ಲ ಕಳೆದರೆ ನಂಬಿಕೊಳ್ಳಬಹುದಾದ್ದು 6ರಿಂದ 6.5 ಮೀಟರ್. ಅಂದರೆ 20-21 ಅಡಿ. ಪೆಟ್ಟಿಗೆಯ ಮೇಲೆ "ಸಕ್ಷನ್ 8 ಮೀಟರ್" (ಸಕ್ಷನ್ ಅಂದರೆ ಪಂಪು ನೀರು ಎಳೆಯುವುದು) ಅಂತ ಬರೆದಿದ್ದರೂ ನಮ್ಮ ಊರಿಗೆ ಅದನ್ನು ಸ್ವಲ್ಪ ಇಳಿಸಿಯೇ ಓದಿಕೊಳ್ಳಬೇಕು.

ಮೊದಲು ಹಗ್ಗ ತನ್ನಿ

ಪಾನಾ, ಟೆಸ್ಟರ್ ಎಲ್ಲ ಆಮೇಲೆ. ಒಂದು ಹಗ್ಗಕ್ಕೆ ದೊಡ್ಡ ನಟ್ಟು ಕಟ್ಟಿ ಬಾವಿಗೆ ಬಿಡಿ. ಮೋಟಾರು ಕೂತಿರುವ ಮಟ್ಟದಿಂದ ನೀರಿನ ಮಟ್ಟದವರೆಗೆ ಎಷ್ಟು ಅಂತ ಅಳೆಯಿರಿ. ಬಾವಿಯ ಒಟ್ಟು ಆಳ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 40 ಅಡಿ ಬಾವಿಯಲ್ಲಿ ನೀರು ಮೋಟಾರಿನಿಂದ 15 ಅಡಿ ಕೆಳಗೆ ನಿಂತಿದ್ದರೆ ಪಂಪು ಎಳೆಯಬೇಕಾದ್ದು 15 ಅಡಿಯನ್ನೇ, ಫುಟ್ ವಾಲ್ವ್ 35 ಅಡಿಗೆ ಇಳಿದಿದ್ದರೂ.

ಮೋಟಾರು ಇನ್ನೂ ಅಷ್ಟಿಷ್ಟು ಎತ್ತುತ್ತಿದ್ದರೆ ಅರ್ಧ ಗಂಟೆ ಓಡಿಸಿ ಮತ್ತೆ ಅಳೆಯಿರಿ. ಈ ಎರಡನೇ ಅಳತೆಯೇ ಮುಖ್ಯ. 5 ಅಡಿ ಅಗಲದ ಬಾವಿಯಲ್ಲಿ ಒಂದು ಅಡಿ ನೀರು ಅಂದರೆ ಸುಮಾರು 550 ಲೀಟರ್. ಸಾವಿರ ಲೀಟರ್ ಟ್ಯಾಂಕು ತುಂಬಿದರೆ ಮಟ್ಟ ಹೆಚ್ಚೆಂದರೆ ಎರಡು ಅಡಿ ಇಳಿಯಬೇಕು. ಅಷ್ಟರಲ್ಲಿ ಸೆಲೆಯಿಂದ ಒಂದಿಷ್ಟು ನೀರು ಬಂದೇ ಬರುತ್ತದೆ. ಮಟ್ಟ ಪೂರ್ತಿ ಎರಡು ಅಡಿ ಇಳಿದರೆ ಬೇಸಿಗೆಯಲ್ಲಿ ಸೆಲೆ ಬತ್ತಿದೆ ಅಂತ ತಿಳಿಯಿರಿ. ಆಗ ದೊಡ್ಡ ಪಂಪು ಹಾಕಿದರೆ ಬಾವಿ ಬೇಗ ಬರಿದಾಗುತ್ತದೆಯೇ ಹೊರತು ನೀರು ಜಾಸ್ತಿ ಸಿಗುವುದಿಲ್ಲ.

ಟಿಳಕವಾಡಿ, ಶಹಾಪುರ, ವಡಗಾವಿ ಕಡೆಯ ಹಳೆಯ ಮನೆಗಳ ಬಾವಿಗಳಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ನೀರಿನ ಮಟ್ಟದಲ್ಲಿ ಬಹಳ ಅಂತರ ಇರುತ್ತದೆ. ಆಗಸ್ಟ್‌ನಲ್ಲಿ ಕೊಡ ಬಗ್ಗಿಸಿದರೆ ಸಿಗುವ ನೀರು ಮೇ ತಿಂಗಳಲ್ಲಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಕೆಂಪು ಜಂಬಿಟ್ಟಿಗೆ ನೆಲ ಮಳೆ ಕುಡಿಯುವುದೂ ಬೇಗ, ಬಿಟ್ಟುಕೊಡುವುದೂ ಬೇಗ. ಹಾಗಂತ ಈ ನೆಲದ ಬಾವಿಗಳನ್ನು ಹಗುರವಾಗಿ ನೋಡಬೇಕಿಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆದಾಗ ಬಂದ ಜನರಿಗೆ ನೀರು ಬೇಕೆಂದು ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. ಹೇಳಬೇಕಾದ್ದು ಇಷ್ಟೇ: ಪಂಪನ್ನು ಮೇ ತಿಂಗಳ ಮಟ್ಟಕ್ಕೆ ಆರಿಸಬೇಕು, ದೀಪಾವಳಿಯ ಮಟ್ಟಕ್ಕಲ್ಲ.

ಅಳತೆ 20 ಅಡಿಯೊಳಗೆ ಇದ್ದೂ ನೀರು ಬರುತ್ತಿಲ್ಲ ಅಂದರೆ ದೋಷ ಬೇರೆ ಕಡೆ ಇದೆ. ಮುಂದೆ ಓದಿ. 22-23 ಅಡಿ ದಾಟಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಪಂಪಿನ ಜಾತಿಯನ್ನೇ ಬದಲಾಯಿಸಬೇಕು. ಅದರ ಮಾತು ಕೆಳಗೆ ಬರುತ್ತದೆ.

ಮೋಟಾರು ತಿರುಗುತ್ತದೆ, ನೀರಿಲ್ಲ

ಹತ್ತರಲ್ಲಿ ಎಂಟು ಸಲ ದೋಷ ಪಂಪಿನಲ್ಲಿ ಇರುವುದಿಲ್ಲ, ಪಂಪಿಗಿಂತ ಕೆಳಗೆ ಇರುತ್ತದೆ ಅಂತ ಯಾವ ಮಿಸ್ತ್ರಿಯನ್ನು ಕೇಳಿದರೂ ಹೇಳುತ್ತಾರೆ. ಎಂಟೋ ಆರೋ, ದಿಕ್ಕು ಮಾತ್ರ ಸರಿ.

ಕರೆಂಟ್ ತೆಗೆಯಿರಿ. ಪ್ರೈಮಿಂಗ್ ಬಿರಡೆ (ಪಂಪಿಗೆ ಮೊದಲು ನೀರು ತುಂಬುವ ಬಾಯಿಯ ಮುಚ್ಚಳ) ಬಿಚ್ಚಿ ತಂಬಿಗೆಯಿಂದ ನಿಧಾನವಾಗಿ ನೀರು ಹಾಕಿ. ಗಾಳಿ ಗುಳುಗುಳು ಅಂತ ಹೊರಬರುತ್ತದೆ. ಬಾಯಿವರೆಗೆ ತುಂಬಿದ ಮೇಲೆ ಕಾಲು ಗಂಟೆ ಸುಮ್ನೆ ಬಿಡಿ. ನೀರು ಅಲ್ಲೇ ನಿಂತಿದ್ದರೆ ಫುಟ್ ವಾಲ್ವ್ ಚೆನ್ನಾಗಿದೆ. ಸರಸರನೆ ಇಳಿದು ಹೋದರೆ ಫುಟ್ ವಾಲ್ವ್‌ನ ಬಾಯಲ್ಲಿ ಕಸವೋ ಕಲ್ಲೋ ಸಿಕ್ಕಿದೆ, ಇಲ್ಲವೇ ಒಳಗಿನ ರಬ್ಬರ್ ತಿಂದುಹೋಗಿದೆ. ಸ್ವಲ್ಪ ಇಳಿದು ಒಂದು ಮಟ್ಟಕ್ಕೆ ನಿಂತುಬಿಟ್ಟರೆ ಆ ಮಟ್ಟದಲ್ಲೇ ಪೈಪಿನಲ್ಲಿ ತೂತು ಇದೆ. ಈ ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ತೆಳುವಾದ ಕಡ್ಡಿಯೊಂದನ್ನು ಇಳಿಬಿಟ್ಟು ನೀರು ಎಲ್ಲಿ ನಿಂತಿದೆ ಅಂತ ನೋಡಿದರೆ ತೂತಿನ ಜಾಗದ ಅಂದಾಜು ಸಿಗುತ್ತದೆ.

ಈಗ ತಲೆ ತಿನ್ನುವ ಕೇಸು: ನೀರು ನಿಲ್ಲುತ್ತದೆ, ಆದರೆ ಮೋಟಾರು ಹಚ್ಚಿದರೆ ಎರಡು ನಿಮಿಷ ಬಂದು ಕಡಿದುಹೋಗುತ್ತದೆ. ಇದು ಗಾಳಿ ಹಿಡಿಯುವ ದೋಷ. ಸುಮ್ಮನೆ ನಿಂತಾಗ ಒಂದು ಹನಿ ಸೋರದ ಸಂದು ಎಳೆಯುವಾಗ ಗಾಳಿ ಕುಡಿಯುತ್ತದೆ. ಪಂಪಿನ ಹತ್ತಿರದ ಯೂನಿಯನ್ (ಬಿಚ್ಚಿ ಜೋಡಿಸುವ ಸಂದು), ಹಳೆಯ ಎಲ್ಬೋ (ಪೈಪಿನ ತಿರುವು), ಗ್ಲಾಂಡ್ (ಶಾಫ್ಟ್ ಪಂಪಿನೊಳಗೆ ಹೋಗುವಲ್ಲಿನ ಸೀಲು) ಮೂರೂ ಅನುಮಾನದ ಜಾಗಗಳು. ಸೋಪಿನ ನೊರೆ ಹಚ್ಚಿ ನೋಡುವ ರೂಢಿ ಇದೆ. ಅದು ಡೆಲಿವರಿ ಕಡೆಗೆ, ಅಂದರೆ ಪಂಪಿನಿಂದ ನೀರು ಹೊರಹೋಗುವ ಕಡೆಗೆ ಸರಿ. ಸಕ್ಷನ್ ಕಡೆ ಗುಳ್ಳೆ ಹೊರಗೆ ಬರುವುದೇ ಇಲ್ಲ, ನೊರೆಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಅದರ ಬದಲು ಮೋಟಾರು ಓಡುತ್ತಿರುವಾಗ ಒಂದೊಂದೇ ಸಂದಿನ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಮೋಟಾರಿನ ಮೇಲೆ, ವೈರ್ ಪೆಟ್ಟಿಗೆಯ ಮೇಲೆ ಬೀಳಬಾರದು. ಯಾವ ಸಂದಿಗೆ ನೀರು ಬಿದ್ದಾಗ ಶಬ್ದ ಬದಲಾಗಿ ಪಂಪು ನೀರು ಹಿಡಿಯುತ್ತದೆಯೋ ಅದೇ ಕಳ್ಳ. ಗಟ್ಟಿ ಗ್ರೀಸ್ ಮೆತ್ತಿದರೂ ಇದೇ ಗುಟ್ಟು ಗೊತ್ತಾಗುತ್ತದೆ. ಆದರೆ ಗ್ರೀಸ್ ಮೆತ್ತಿ ಬಿಟ್ಟರೆ ರಿಪೇರಿ ಮುಗಿಯಿತು ಅಂದುಕೊಳ್ಳಬೇಡಿ. ಸಂದು ಬಿಚ್ಚಿ ಟೆಫ್ಲಾನ್ ಟೇಪ್ ಸುತ್ತಿ ಕೂರಿಸಲೇಬೇಕು.

ಸಕ್ಷನ್ ಪೈಪಿನ ನಡಿಗೆಯನ್ನೂ ನೋಡಿ. ಬಾವಿಯ ಕಟ್ಟೆ ದಾಟುವಾಗ ಪೈಪು ಮೇಲೇರಿ ಮತ್ತೆ ಇಳಿದು ಪಂಪಿಗೆ ಬಂದಿದ್ದರೆ ಆ ಗೂನಿನಲ್ಲಿ ಗಾಳಿ ಕೂತುಕೊಳ್ಳುತ್ತದೆ. ಎಷ್ಟು ನೀರು ತುಂಬಿದರೂ ಅದು ಹೋಗುವುದಿಲ್ಲ. ಬಾವಿಯಿಂದ ಪಂಪಿನವರೆಗೆ ಪೈಪು ಒಂದೇ ಸಮನೆ ಏರುತ್ತಾ ಬರಬೇಕು. ಅದರ ಅಗಲ ಪಂಪಿನ ಬಾಯಿಗಿಂತ ಕಡಿಮೆ ಇರಬಾರದು. ಒಂದು ಇಂಚಿನ ಬಾಯಿಗೆ ಮುಕ್ಕಾಲು ಇಂಚಿನ ಪೈಪು ಜೋಡಿಸಿದವರನ್ನು ನೋಡಿದ್ದೇನೆ. ಪೈಪು ಉಳಿಯಿತು ಅಂತ ಖುಷಿ, ನೀರು ಮಾತ್ರ ಅರ್ಧ.

ಫುಟ್ ವಾಲ್ವ್ ಬಾವಿಯ ತಳದಿಂದ ಒಂದೂವರೆ ಅಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ರಾಡಿ ಎಳೆಯುತ್ತದೆ. ನೀರಿನ ಮಟ್ಟದಿಂದ ಒಂದೂವರೆ ಅಡಿ ಕೆಳಗೂ ಇರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಮೇ ಕೊನೆಯಲ್ಲಿ ಈ ಎರಡೂ ಒಟ್ಟಿಗೆ ಸಾಧ್ಯವಾಗದಿದ್ದರೆ ಬಾವಿಯ ಹೂಳು ತೆಗೆಸುವ ಕಾಲ ಬಂದಿದೆ. ಅದನ್ನು ನೀವೇ ಇಳಿದು ಮಾಡಲು ಹೋಗಬೇಡಿ. ಮುಚ್ಚಿದ, ಬಹಳ ದಿನ ಬಳಸದ ಬಾವಿಯ ತಳದಲ್ಲಿ ಉಸಿರಾಡುವ ಗಾಳಿ ಇರದೇ ಹೋಗಬಹುದು. ಫುಟ್ ವಾಲ್ವ್ ನೋಡಬೇಕಾದರೆ ಪೈಪನ್ನೇ ಮೇಲೆ ಎಳೆಯಿರಿ.

ವ್ಯಾಕ್ಯೂಮ್ ಗೇಜ್ ಹೇಳುವ ಕತೆ

ಇಷ್ಟೆಲ್ಲ ಊಹೆಯ ಕೆಲಸವನ್ನು ಒಂದು ಸಣ್ಣ ಗೇಜ್ ಕಡಿಮೆ ಮಾಡುತ್ತದೆ. ಮನೆಗಳಲ್ಲಿ ಇದನ್ನು ಹಾಕುವುದು ಬಹಳ ಕಡಿಮೆ. ಪಂಪಿನ ಬಾಯಿಯ ಹತ್ತಿರ ಸಕ್ಷನ್ ಪೈಪಿಗೆ ಒಂದು ಟೀ ಹಾಕಿ ವ್ಯಾಕ್ಯೂಮ್ ಗೇಜ್ ಕೂರಿಸಿ. ಅದರಲ್ಲಿ ಪಾದರಸದ ಮಿಲಿಮೀಟರ್ ಗುರುತು ಇರುತ್ತದೆ. ಪ್ರತಿ 100 ಮಿಲಿಮೀಟರ್ ಅಂದರೆ 1.36 ಮೀಟರ್ ನೀರು.

ಹಗ್ಗದ ಅಳತೆ 5 ಮೀಟರ್ ಅಂದುಕೊಳ್ಳಿ. ಎಲ್ಲ ಸರಿ ಇದ್ದರೆ ಮುಳ್ಳು 370ಕ್ಕಿಂತ ಸ್ವಲ್ಪ ಮೇಲೆ, 400-430ರ ಹತ್ತಿರ ನಿಲ್ಲುತ್ತದೆ. ಮೇಲಿನ ಹೆಚ್ಚುವರಿ ಘರ್ಷಣೆಯದ್ದು. ಮುಳ್ಳು 550-600ಕ್ಕೆ ಏರಿ ನೀರು ಕಡಿಮೆ ಬಂದರೆ ಪೈಪು ಎಲ್ಲೋ ಕಟ್ಟಿದೆ: ಜಾಲರಿಗೆ ಎಲೆ, ಪಾಚಿ ಅಂಟಿದೆ, ಇಲ್ಲವೇ ಫುಟ್ ವಾಲ್ವ್ ಪೂರ್ತಿ ತೆರೆಯುತ್ತಿಲ್ಲ. ಮುಳ್ಳು ಏರುವುದೇ ಇಲ್ಲ, 100-150ರಲ್ಲಿ ಕುಣಿಯುತ್ತದೆ ಅಂದರೆ ಗಾಳಿ ನುಗ್ಗುತ್ತಿದೆ ಅಥವಾ ಪಂಪಿನೊಳಗೆ ನೀರಿಲ್ಲ. ಮುಳ್ಳು ಸರಿಯಾದ ಜಾಗದಲ್ಲೇ ಇದೆ, ಆದರೂ ಟ್ಯಾಂಕಿಗೆ ನೀರು ಏರುತ್ತಿಲ್ಲ ಅಂದರೆ ಮಾತ್ರ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆದಿರುವ ಅನುಮಾನ, ಇಲ್ಲವೇ ಡೆಲಿವರಿ ಕಡೆ ತಡೆ. ಪಂಪು ಬದಲಿಸುವ ಮಾತು ಬರುವುದು ಇಲ್ಲಿ.

ಬಾಗಲಕೋಟೆ, ವಿಜಯಪುರದ ಕಡೆಯವರು ಇನ್ನೊಂದು ನೋಡಬೇಕು. ಅಲ್ಲಿನ ನೀರು ಗಡಸು. ಬಿಸಿನೀರಿನ ಹಂಡೆಯಲ್ಲಿ ಕಟ್ಟುವ ಬಿಳಿ ಹಕ್ಕಳೆ ಇಂಪೆಲ್ಲರ್‌ನ ಸಂದಿನಲ್ಲೂ ನಿಧಾನಕ್ಕೆ ಕಟ್ಟುತ್ತದೆ. ಪಂಪು ಹಳೆಯದಾಯಿತು ಅಂತ ಎಸೆಯುವ ಮುಂಚೆ ಬಿಚ್ಚಿ ಕೆರೆದು ನೋಡಿದರೆ ಎಷ್ಟೋ ಸಲ ಮೊದಲಿನ ಹಾಗೇ ಆಗುತ್ತದೆ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಇದು ಬೇಗ ಮುಗಿಯುವ ವಿಷಯ. ತಕ್ಷಣ ಬಂದ್ ಮಾಡಿ, ಇಲ್ಲದಿದ್ದರೆ ವೈಂಡಿಂಗ್ (ಮೋಟಾರಿನೊಳಗಿನ ತಂತಿಯ ಸುರುಳಿ) ಸುಡುತ್ತದೆ. ಕರೆಂಟ್ ತೆಗೆದು ಹಿಂದಿನ ಫ್ಯಾನ್ ಕಡೆಯಿಂದ ಶಾಫ್ಟ್ ತಿರುಗಿಸಿ. ತಿರುಗದಿದ್ದರೆ ಇಂಪೆಲ್ಲರ್ ತುಕ್ಕಿಗೋ ಮರಳಿಗೋ ಕಚ್ಚಿಕೊಂಡಿದೆ. ಮಳೆಗಾಲ ಪೂರ್ತಿ ನಳದ ನೀರಿನಲ್ಲೇ ದಿನ ದೂಡಿ ಮೋಟಾರು ಮುಟ್ಟದ ಮನೆಗಳಲ್ಲಿ ಇದು ಜಾಸ್ತಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ (ಮೋಟಾರನ್ನು ಹೊರಡಿಸುವ ಸಣ್ಣ ಡಬ್ಬಿ) ಹೋಗಿರಬಹುದು. ಹಳೆಯದರ ಮೇಲೆ ಬರೆದಿರುವ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ವೋಲ್ಟಿನದು ತನ್ನಿ. "ಸ್ವಲ್ಪ ದೊಡ್ಡದು ಹಾಕಿದರೆ ಜೋರು" ಅನ್ನುವ ಮಾತು ಕೇಳಬೇಡಿ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಶಾಕ್ ಉಳಿದಿರುತ್ತದೆ, ತಂತಿ ಬರಿಗೈಲಿ ಮುಟ್ಟಬಾರದು.

ಕೆಪಾಸಿಟರ್ ಬದಲಿಸುವ ಮುಂಚೆ ವೋಲ್ಟೇಜ್ ನೋಡಿ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಬರಬೇಕಾದ ಕಡೆ 180 ಬಂದರೆ ಬಲ ಸುಮಾರು 60 ಶೇಕಡಕ್ಕೆ ಕುಸಿಯುತ್ತದೆ. ಬೆಳಗ್ಗೆ ಆರಕ್ಕೆ ಚೆನ್ನಾಗಿ ಹೊರಡುವ ಮೋಟಾರು ಸಂಜೆ ಏಳಕ್ಕೆ ಗುಂಯ್ ಅಂದರೆ ಮೋಟಾರನ್ನು ಬೈಯ್ಯಬೇಡಿ. ಅಳತೆಯನ್ನು ಮೀಟರ್ ಬೋರ್ಡಿನಲ್ಲಿ ಮಾಡಬೇಡಿ, ಮೋಟಾರಿನ ತುದಿಯಲ್ಲಿ, ಅದು ಹೊರಡುವ ಹೊತ್ತಿನಲ್ಲಿ ಮಾಡಿಸಿ. ಹಿತ್ತಲಿನ ಬಾವಿಗೆ ತೆಳು ವೈರ್ ಎಳೆದಿದ್ದರೆ ದಾರಿಯಲ್ಲೇ ವೋಲ್ಟೇಜ್ ಕರಗಿರುತ್ತದೆ.

ಹಚ್ಚಿದ ಕೂಡಲೇ ಟ್ರಿಪ್ ಆದರೆ, ಪೈಪು ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಸೀಲ್ ಸೋರಿ ಮೋಟಾರಿನೊಳಗೆ ನೀರು ಹೋಗಿರಬಹುದು, ಅರ್ಥಿಂಗ್ ಕಡಿದಿರಬಹುದು. ಒದ್ದೆ ನೆಲದ ಮೇಲೆ ನಿಂತು ಇದನ್ನು ಪರೀಕ್ಷೆ ಮಾಡಬಾರದು. ಎಲೆಕ್ಟ್ರಿಷಿಯನ್ ಕರೆಯಿರಿ.

ಪ್ರೆಶರ್ ಟ್ಯಾಂಕು ಇರುವ ಮನೆಗಳಲ್ಲಿ

ಈಗ ಹಿಂದವಾಡಿ, ಅನಗೋಳ ಕಡೆಯ ಹೊಸ ಮನೆಗಳಲ್ಲಿ ಶವರ್‌ಗೆ ಜೋರು ಬೇಕು ಅಂತ ಪ್ರೆಶರ್ ಟ್ಯಾಂಕು ಬಂದಿದೆ. ಸಣ್ಣ ಸಿಲಿಂಡರ್ ಥರದ್ದು. ಒಳಗೆ ಒಂದು ರಬ್ಬರ್ ಚೀಲ. ಚೀಲದೊಳಗೆ ನೀರು, ಹೊರಗೆ ಗಾಳಿ. ನಳ ತೆರೆದಾಗ ಗಾಳಿ ನೀರನ್ನು ದೂಡುತ್ತದೆ. ಒತ್ತಡ ಕೆಳಗಿನ ಗುರುತಿಗೆ ಬಂದಾಗ ಸ್ವಿಚ್ ಮೋಟಾರನ್ನು ಹಚ್ಚುತ್ತದೆ, ಮೇಲಿನ ಗುರುತಿಗೆ ಬಂದಾಗ ಬಂದ್ ಮಾಡುತ್ತದೆ. 1.4 ಬಾರ್‌ಗೆ ಹಚ್ಚಿ 2.8 ಬಾರ್‌ಗೆ ನಿಲ್ಲುವ ಜೋಡಿ ಸಾಮಾನ್ಯ. ಪಿಎಸ್‌ಐ ಲೆಕ್ಕದಲ್ಲಿ 20 ಮತ್ತು 40.

ಜನ ಹೇಳುವ ದೂರು ಹೆಚ್ಚಾಗಿ ಒಂದೇ: "ಕೈ ತೊಳೆಯುವಷ್ಟರಲ್ಲಿ ಮೋಟಾರು ಹತ್ತು ಸಲ ಟಕ್ ಟಕ್ ಅಂತದ." ಕಾರಣ ಬಹುತೇಕ ಗಾಳಿ ಹೋಗಿರುವುದು. ಗಾಳಿ ಇಲ್ಲದ ಟ್ಯಾಂಕು ಬರೀ ಪೈಪಿನ ದಪ್ಪ ತುಂಡು, ಅಷ್ಟೇ. ನೀರನ್ನು ಒತ್ತಲು ಆಗುವುದಿಲ್ಲ, ಹಾಗಾಗಿ ಒಂದು ಲೋಟ ನೀರಿಗೂ ಒತ್ತಡ ಏರಿಳಿಯುತ್ತದೆ. ಪ್ರತಿ ಸಲ ಹೊರಡುವಾಗ ಮೋಟಾರು ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ವಾರಗಟ್ಟಲೆ ಹೀಗೇ ಬಿಟ್ಟರೆ ಸ್ವಿಚ್‌ನ ಕಾಂಟ್ಯಾಕ್ಟ್, ಕೆಪಾಸಿಟರ್, ವೈಂಡಿಂಗ್ ಒಂದರ ಹಿಂದೆ ಒಂದು ಹೋಗುತ್ತವೆ. ಆಗ ಅಂಗಡಿಗೆ ಹೋಗಿ "ಪಂಪು ಸುಟ್ಟಿತು" ಅನ್ನುತ್ತೇವೆ. ಸುಟ್ಟಿದ್ದು ಪಂಪು ಹೌದು, ಕೆಟ್ಟಿದ್ದು ಟ್ಯಾಂಕು.

ನೋಡುವ ಬಗೆ ಹೀಗೆ. ಮೋಟಾರಿನ ಕರೆಂಟ್ ತೆಗೆಯಿರಿ. ಒಂದು ನಳ ಪೂರ್ತಿ ತೆರೆದು ಟ್ಯಾಂಕಿನ ನೀರೆಲ್ಲ ಹೋಗಲಿ, ಗೇಜ್ ಸೊನ್ನೆಗೆ ಬರಲಿ. ಟ್ಯಾಂಕಿನ ಹಿಂದೆ ಬೈಕಿನ ಟೈರಿಗೆ ಇರುವಂಥದ್ದೇ ವಾಲ್ವ್ ಇರುತ್ತದೆ. ಅದರ ಮುಳ್ಳನ್ನು ಒಂದು ಕ್ಷಣ ಒತ್ತಿ. ನೀರು ಚಿಮ್ಮಿದರೆ ಒಳಗಿನ ಚೀಲ ಹರಿದಿದೆ, ಗಾಳಿ ತುಂಬಿ ಉಪಯೋಗ ಇಲ್ಲ. ಗಾಳಿ ಬಂದರೆ ಟೈರ್ ಗೇಜ್ ಹಿಡಿದು ಅಳೆಯಿರಿ. ಮೋಟಾರು ಹಚ್ಚುವ ಒತ್ತಡಕ್ಕಿಂತ 2 ಪಿಎಸ್‌ಐ ಕಡಿಮೆ ಇರಬೇಕು. 20ಕ್ಕೆ ಹಚ್ಚುವ ಸ್ವಿಚ್ ಇದ್ದರೆ ಗಾಳಿ 18. ಕಡಿಮೆ ಇದ್ದರೆ ಬೈಕಿಗೆ ಗಾಳಿ ಹೊಡೆಯುವ ಪಂಪಿನಿಂದ ತುಂಬಿ. ನಳ ತೆರೆದೇ ಇರಬೇಕು, ನೀರು ತುಂಬಿದ ಟ್ಯಾಂಕಿನ ಗಾಳಿ ಅಳೆದರೆ ಸಿಗುವುದು ನೀರಿನ ಒತ್ತಡ. ಅಂಗಡಿಯಿಂದ ಬಂದ ಹೊಸ ಟ್ಯಾಂಕಿನಲ್ಲೂ ಇದನ್ನು ನೋಡಲೇಬೇಕು. ಕಾರ್ಖಾನೆಯ ಗಾಳಿಗೂ ನಿಮ್ಮ ಸ್ವಿಚ್ಚಿಗೂ ಹೊಂದುತ್ತದೆ ಅನ್ನುವ ಖಾತ್ರಿ ಇಲ್ಲ.

ಗಾಳಿ ಸರಿ ಇದ್ದೂ ಟಕ್ ಟಕ್ ನಿಲ್ಲದಿದ್ದರೆ ಸ್ವಿಚ್ ಎಲ್ಲಿ ಕೂತಿದೆ ನೋಡಿ. ಅದು ಟ್ಯಾಂಕಿನ ಪಕ್ಕದಲ್ಲೇ ಇರಬೇಕು. ಪಂಪಿನ ಬಾಯಿಗೆ ಹತ್ತಿಸಿದ್ದರೆ ಹೊರಡುವಾಗಿನ ಧಕ್ಕೆಗೇ ಹೌಹಾರಿ ಬಂದ್ ಆಗುತ್ತದೆ. ಸ್ವಿಚ್ಚಿಗೆ ಹೋಗುವ ಸಣ್ಣ ನಳಿಕೆಯಲ್ಲಿ ತುಕ್ಕು, ರಾಡಿ ಕಟ್ಟಿದ್ದರೂ ಸ್ವಿಚ್ ಕುರುಡಾಗುತ್ತದೆ.

ಯಾರೂ ನಳ ತೆರೆಯದೇ ರಾತ್ರಿ ಎರಡಕ್ಕೆ ಮೋಟಾರು ತಾನಾಗಿ ಓಡುತ್ತದೆಯೇ? ಟ್ಯಾಂಕಿನ ನಂತರ ಮನೆಗೆ ಹೋಗುವ ವಾಲ್ವ್ ಮುಚ್ಚಿ, ಮೋಟಾರಿನ ಕರೆಂಟ್ ತೆಗೆದು ಗೇಜ್ ನೋಡುತ್ತಿರಿ. ಮುಳ್ಳು ಇಳಿಯದಿದ್ದರೆ ಸೋರಿಕೆ ಮನೆಯೊಳಗಿದೆ, ಹೆಚ್ಚಾಗಿ ಫ್ಲಶ್ ಟ್ಯಾಂಕಿನಲ್ಲಿ. ಮುಚ್ಚಿದ ಮೇಲೂ ಇಳಿದರೆ ನೀರು ಬಾವಿಗೇ ವಾಪಸ್ ಹೋಗುತ್ತಿದೆ. ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಅಥವಾ ಫುಟ್ ವಾಲ್ವ್ ನೋಡಿ.

ಮೋಟಾರು ನಿಲ್ಲುವುದೇ ಇಲ್ಲ

ಇದು ಬಹಳ ಸಲ ತಪ್ಪು ಜೋಡಿಯಿಂದ ಬರುವ ದೋಷ, ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ. 10 ಮೀಟರ್ ನೀರು ಅಂದರೆ ಸರಿಸುಮಾರು 1 ಬಾರ್. ಪಂಪಿನ ಫಲಕದ ಮೇಲೆ ಗರಿಷ್ಠ ಹೆಡ್ (ಪಂಪು ನೀರು ಎತ್ತಬಲ್ಲ ಒಟ್ಟು ಎತ್ತರ) 25 ಮೀಟರ್ ಅಂತಿದೆ. ಬಾವಿಯ ನೀರು 6 ಮೀಟರ್ ಕೆಳಗಿದೆ. ಉಳಿದದ್ದು 19 ಮೀಟರ್, ಅಂದರೆ 1.9 ಬಾರ್. ಸ್ವಿಚ್ ನಿಲ್ಲುವುದು 2.8ಕ್ಕೆ. ಈ ಪಂಪು ಜನ್ಮದಲ್ಲಿ 2.8 ಮುಟ್ಟುವುದಿಲ್ಲ. ನಳ ಮುಚ್ಚಿದ ಮೇಲೂ ಓಡುತ್ತಲೇ ಇರುತ್ತದೆ. ಒಳಗಿನ ಅಷ್ಟೇ ನೀರು ಸುತ್ತಿ ಸುತ್ತಿ ಬಿಸಿಯಾಗಿ ಪಿವಿಸಿ ಸಾಕೆಟ್ ಮೆತ್ತಗಾಗುತ್ತದೆ, ಸೀಲ್ ಹೋಗುತ್ತದೆ. ಆಗಸ್ಟ್‌ನಲ್ಲಿ ನೀರು ಒಂದು ಮೀಟರ್ ಕೆಳಗಿದ್ದರೂ 2.4 ಬಾರ್ ಮಾತ್ರ, ಆಗಲೂ ನಿಲ್ಲುವುದಿಲ್ಲ. ಸ್ವಿಚ್ಚನ್ನು 1.6ಕ್ಕೆ ನಿಲ್ಲುವ ಹಾಗೆ ಇಳಿಸಿ, ಟ್ಯಾಂಕಿನ ಗಾಳಿಯನ್ನೂ ಅದಕ್ಕೆ ತಕ್ಕಂತೆ ಇಳಿಸಿ. ಅದು ಸಾಲದಿದ್ದರೆ ಮಾತ್ರ ಜಾಸ್ತಿ ಹೆಡ್ ಇರುವ ಪಂಪು. ಮೊದಲು ಸರಿಯಾಗಿ ನಿಲ್ಲುತ್ತಿದ್ದು ಈಗ ನಿಲ್ಲುತ್ತಿಲ್ಲ ಅಂದರೆ ಇಂಪೆಲ್ಲರ್ ಸವೆದಿದೆ ಅಥವಾ ವೋಲ್ಟೇಜ್ ಬಿದ್ದಿದೆ.

ಹೊಸ ಪಂಪು ತರುವುದೇ ಆದರೆ

ಒಂದು ಮಹಡಿ ಮನೆ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ನೀರು ಪಂಪಿಗಿಂತ 5.5 ಮೀಟರ್ ಕೆಳಗೆ. ಮೇಲಿನ ಟ್ಯಾಂಕಿನ ಬಾಯಿ ಪಂಪಿಗಿಂತ 9 ಮೀಟರ್ ಮೇಲೆ. ಪೈಪಿನ ಘರ್ಷಣೆಗೆ 3 ಮೀಟರ್. ಒಟ್ಟು 17.5, ಇರಲಿ 18 ಅನ್ನಿ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: "18 ಮೀಟರ್ ಹೆಡ್‌ನಲ್ಲಿ ಇದು ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ?" ಗರಿಷ್ಠ ಹೆಡ್ ಎಷ್ಟು, ಗರಿಷ್ಠ ನೀರು ಎಷ್ಟು ಅಂತ ಕೇಳಿ ಪ್ರಯೋಜನ ಇಲ್ಲ. ಆ ಎರಡೂ ಒಟ್ಟಿಗೆ ಸಿಗುವುದಿಲ್ಲ, ಗರಿಷ್ಠ ಹೆಡ್‌ನಲ್ಲಿ ನೀರು ಸೊನ್ನೆ. ಪೆಟ್ಟಿಗೆಯ ಮೇಲೆ ಹೆಡ್ ಮತ್ತು ಲೀಟರಿನ ಪಟ್ಟಿ ಇರುತ್ತದೆ, ಅದರಲ್ಲಿ 18ರ ಸಾಲು ಓದಿ. ಅಲ್ಲಿ 35-40 ಲೀಟರ್ ಇದ್ದರೆ ಸಾವಿರ ಲೀಟರ್ ಟ್ಯಾಂಕು ಅರ್ಧ ಗಂಟೆಯೊಳಗೆ ತುಂಬುತ್ತದೆ. ಇಷ್ಟು ಕೆಲಸಕ್ಕೆ ನೀರಿಗೆ ಬೇಕಾದ ಶಕ್ತಿ 120 ವ್ಯಾಟ್‌ನಷ್ಟು. ಪಂಪಿನ ದಕ್ಷತೆ 30 ಶೇಕಡ ಹಿಡಿದರೂ 400 ವ್ಯಾಟ್. ಅರ್ಧ ಎಚ್‌ಪಿ ಅಂದರೆ 373 ವ್ಯಾಟ್. ಅರ್ಧದಲ್ಲೇ ಹೆಚ್ಚುಕಡಿಮೆ ಆಗುತ್ತದೆ, ಮುಕ್ಕಾಲು ಹಾಕಿದರೆ ನಿಶ್ಚಿಂತೆ. ಒಂದೂವರೆ ಎಚ್‌ಪಿ ಯಾಕೆ ಬೇಕು ಹೇಳಿ?

ನೀರು ವರ್ಷವಿಡೀ 20 ಅಡಿಯೊಳಗಿದ್ದರೆ ಮಾಮೂಲಿ ಮೊನೊಬ್ಲಾಕ್ (ಮೋಟಾರು, ಪಂಪು ಒಂದಾಗಿಯೇ ಬರುವಂಥದ್ದು) ಸಾಕು. ಸೆಲ್ಫ್ ಪ್ರೈಮಿಂಗ್ (ತಾನೇ ಗಾಳಿ ತೆಗೆದು ನೀರು ಹಿಡಿಯುವ) ಸಣ್ಣ ಪಂಪುಗಳು ಅಗ್ಗ, ಹೆಡ್ ಜಾಸ್ತಿ. ಆದರೆ ಅವುಗಳ ಇಂಪೆಲ್ಲರ್‌ಗೂ ಕವಚಕ್ಕೂ ನಡುವೆ ಸಂದು ಕೂದಲೆಳೆಯಷ್ಟು. ಜೂನ್‌ನ ಮೊದಲ ಮಳೆಗೆ ಬಾವಿಗೆ ಇಳಿಯುವ ಕೆಮ್ಮಣ್ಣಿನ ರಾಡಿ ಅದನ್ನು ತಿಂದುಹಾಕುತ್ತದೆ. ಸಂಪಿನಿಂದ ಎತ್ತಲು ಸರಿ, ತೆರೆದ ಬಾವಿಗೆ ನಾನು ಹೇಳುವುದಿಲ್ಲ.

22 ಅಡಿ ದಾಟುವ ಬಾವಿಗೆ ಓಪನ್‌ವೆಲ್ ಸಬ್‌ಮರ್ಸಿಬಲ್ ನನ್ನ ಆಯ್ಕೆ. ನೀರಿನಲ್ಲೇ ಕೂತು ತಳ್ಳುತ್ತದೆ, ಎಳೆಯುವ ಮಾತೇ ಇಲ್ಲ. ಫುಟ್ ವಾಲ್ವ್ ಬೇಡ, ಪ್ರೈಮಿಂಗ್ ಬೇಡ, ಗಾಳಿ ಹಿಡಿಯುವುದಿಲ್ಲ. ಎರಡು ಎಚ್ಚರ ಸಾಕು. ನೀರು ಮೋಟಾರಿನ ಮೈ ಮುಚ್ಚಿರಬೇಕು, ಅದಕ್ಕೆ ಡ್ರೈ ರನ್ (ನೀರಿಲ್ಲದೇ ಓಡುವುದು) ತಡೆಯುವ ಫ್ಲೋಟ್ ಸ್ವಿಚ್ ಹಾಕಿಸಿ. ತೂಕವನ್ನು ಚೈನು ಅಥವಾ ನೈಲಾನ್ ಹಗ್ಗ ಹೊರಬೇಕು, ಕೇಬಲ್ ಅಲ್ಲ. ಕುಡಿಯುವ ಬಾವಿಯಾದರೆ ಎಣ್ಣೆ ತುಂಬಿದ ಮೋಟಾರು ಬಿಟ್ಟು ನೀರು ತುಂಬಿದ್ದನ್ನೇ ತನ್ನಿ. ಜೆಟ್ ಪಂಪು (ಒಂದಿಷ್ಟು ನೀರನ್ನು ಬಾವಿಗೆ ವಾಪಸ್ ಚಿಮ್ಮಿಸಿ ಉಳಿದದ್ದನ್ನು ಎತ್ತುವಂಥದ್ದು) ಸಹ ಆಳದಿಂದ ಎತ್ತುತ್ತದೆ, ಆದರೆ ಕರೆಂಟ್ ತಿನ್ನುವುದು ಜಾಸ್ತಿ, ಕೊಡುವುದು ಕಡಿಮೆ. ಪಂಪು ಇಳಿಸಲು ಜಾಗವೇ ಇಲ್ಲದ ಸಂದರ್ಭಕ್ಕೆ ಇರಲಿ.

ಫಲಕದ ಮೇಲೆ ಐಎಸ್ಐ ಗುರುತಿನ ಜೊತೆ ನಂಬರು ಇರುತ್ತದೆ. ಮೊನೊಬ್ಲಾಕ್‌ಗೆ ಐಎಸ್ 9079, ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ ಐಎಸ್ 14220. ಫುಟ್ ವಾಲ್ವ್‌ಗೂ ಒಂದಿದೆ, ಐಎಸ್ 10805. ಮೋಟಾರಿಗೆ ಸಾವಿರಗಟ್ಟಲೆ ಕೊಟ್ಟು ಫುಟ್ ವಾಲ್ವ್ ಮಾತ್ರ ಸಿಕ್ಕಿದ್ದು ತರುವುದು ನಮ್ಮ ರೂಢಿ.

ಟ್ಯಾಂಕಿನ ಗಾತ್ರ

24 ಲೀಟರ್ ಟ್ಯಾಂಕಿನಲ್ಲಿ 24 ಲೀಟರ್ ನೀರು ಸಿಗುವುದಿಲ್ಲ. 1.4ಕ್ಕೆ ಹಚ್ಚಿ 2.8ಕ್ಕೆ ನಿಲ್ಲುವ ಹೊಂದಿಕೆಯಲ್ಲಿ ಮೋಟಾರು ಮತ್ತೆ ಹೊರಡುವ ಮುಂಚೆ ಸಿಗುವುದು ಸುಮಾರು ಮೂರನೇ ಒಂದು ಭಾಗ, ಎಂಟೂವರೆ ಲೀಟರ್. ಎರಡು ಒತ್ತಡಗಳ ಅಂತರ ಕಡಿಮೆ ಮಾಡಿದರೆ ಇನ್ನೂ ಕಡಿಮೆ. ಮೋಟಾರು ಒಂದು ಸಲ ಹೊರಟರೆ ಒಂದು ನಿಮಿಷವಾದರೂ ಓಡಬೇಕು ಅನ್ನುವುದು ಒಳ್ಳೆಯ ಅಳತೆಗೋಲು. ನಿಮಿಷಕ್ಕೆ 30 ಲೀಟರ್ ಕೊಡುವ ಪಂಪಾದರೆ 30 ಲೀಟರ್ ಸಿಗುವ ಟ್ಯಾಂಕು ಬೇಕು, ಅಂದರೆ 90ರಿಂದ 100 ಲೀಟರಿನದು. 24ರದ್ದು ಪಂಪಿನ ಜೊತೆ ಬಂದಿದೆ ಅಂತ ಅದೇ ಸಾಕು ಅಂದುಕೊಳ್ಳಬೇಡಿ. ಮುಂದಿನ ಫ್ಲ್ಯಾಂಜ್ (ಬೋಲ್ಟು ಹಾಕಿದ ಮುಚ್ಚಳ) ಬಿಚ್ಚಿ ಒಳಗಿನ ಚೀಲ ಬದಲಿಸಲು ಬರುವಂಥದ್ದೇ ತನ್ನಿ, ಬಿಡಿ ಚೀಲ ಊರಲ್ಲಿ ಸಿಗುತ್ತದೆಯೇ ಅಂತ ಕೊಳ್ಳುವ ದಿನವೇ ಕೇಳಿ.

ಬಾವಿಯಿಂದ ನೇರ ಪ್ರೆಶರ್ ಟ್ಯಾಂಕಿಗೆ ಜೋಡಿಸುವುದು ನಮ್ಮ ಕಡೆ ನನಗೆ ಒಪ್ಪಿಗೆ ಇಲ್ಲ. ಕರೆಂಟ್ ಹೋದರೆ ಎಂಟು ಲೀಟರ್ ಮುಗಿದ ಕೂಡಲೇ ಮನೆ ಒಣಗುತ್ತದೆ. ಬಾವಿಯ ಪಂಪು ಮೇಲಿನ ಟ್ಯಾಂಕು ತುಂಬಲಿ. ಮೇಲಿನ ಟ್ಯಾಂಕಿನಿಂದ ಬಚ್ಚಲಿಗೆ ಇಳಿಯುವ ಲೈನಿಗೆ ಸಣ್ಣ ಪ್ರೆಶರ್ ಪಂಪು, ಸಣ್ಣ ಟ್ಯಾಂಕು ಇರಲಿ. ಅದರ ಪಕ್ಕದಲ್ಲಿ ಎನ್‌ಆರ್‌ವಿ ಹಾಕಿದ ಒಂದು ಬೈಪಾಸ್ ಪೈಪು ಕೊಡಿ. ಕರೆಂಟ್ ಇಲ್ಲದಾಗ ನೀರು ತಾನಾಗಿ ಇಳಿಯುತ್ತದೆ, ಜೋರು ಇರುವುದಿಲ್ಲ ಅಷ್ಟೇ. ಸಕ್ಷನ್‌ನ ತಾಪತ್ರಯವೂ ಈ ಪಂಪಿಗೆ ಇಲ್ಲ.

ಕೆಲಸ ಮುಗಿದ ದಿನ ನಾಲ್ಕು ಅಂಕಿ ಮೋಟಾರಿನ ಗೋಡೆಗೆ ಪೇಂಟಿನಲ್ಲಿ ಬರೆಸಿ: ತಾರೀಕಿನ ಜೊತೆ ನೀರಿನ ಮಟ್ಟ, ವ್ಯಾಕ್ಯೂಮ್ ಗೇಜಿನ ಮುಳ್ಳು, ಸಾವಿರ ಲೀಟರಿಗೆ ಹಿಡಿದ ಹೊತ್ತು, ಟ್ಯಾಂಕಿನ ಗಾಳಿ. ಮುಂದೆ ಏನಾದರೂ ಕೈಕೊಟ್ಟಾಗ ಮಿಸ್ತ್ರಿ ಮೊದಲು ಓದಬೇಕಾದ್ದು ಅದನ್ನೇ. ಇನ್ನು ಕೆಲವು ಹಳೆಯ ಬಾವಿಗಳಲ್ಲಿ ಸಕ್ಷನ್ ಉಳಿಸಲು ಮೋಟಾರನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿರುತ್ತಾರೆ. ಬೇಸಿಗೆಗೆ ಅದು ಒಳ್ಳೆಯ ಉಪಾಯ. ಅಂಥ ಮೋಟಾರನ್ನು ಕಾರಹುಣ್ಣಿಮೆಯೊಳಗೆ ಮೇಲೆ ಎತ್ತಿಸಿಬಿಡಿ, ಜುಲೈನಲ್ಲಿ ನೀರು ಆ ಕಟ್ಟೆ ದಾಟುತ್ತದೆ.